ಮಾವನ ಜೀಪಿನಲ್ಲಿ ಮೊದಲ ದಿನ

ಅಮ್ಮಾ,

ಕರಾಕುಮ್ ಮರಳುಗಾಡಿನಲ್ಲಿ ನೆಲದ ಅನಿಲ ಹೊತ್ತಿ ಉರಿಯುವ ಗುಂಡಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಪ್ರವಾಸಿಗರಿಗೆ ಜಾಗ ತೋರಿಸಿ ವಿವರಿಸುವ ಕೆಲಸದ ಮೊದಲ ದಿನವೇ ಜೀಪು ಓಡಿಸಲು ಬಂದವರು ಯಾರು ಗೊತ್ತೇ? ನನ್ನ ಮಾವ! ಅವರೆದುರು ಸೊಸೆ ಬಾಯಿ ಬಿಡುವಂತಿಲ್ಲವಲ್ಲ, ಪದ್ಧತಿಯಂತೆ ದಾರಿಯುದ್ದಕ್ಕೂ ತಲೆವಸ್ತ್ರದ ತುದಿ ಕಚ್ಚಿಕೊಂಡೇ ಕೂತೆ. "ಈ ಹುಡುಗಿಗೆ ಮಾತೇ ಬರಲ್ವಾ?" ಎಂದಳು ಪ್ರವಾಸಕ್ಕೆ ಬಂದ ಒಬ್ಬ ಅಜ್ಜಿ.

ಗುಂಡಿಯ ಬಳಿ ಇಳಿದಾಗ, ಏನಾದರಾಗಲಿ ಎಂದು ತುದಿ ಉಗುಳಿ ಮಾತು ಶುರುಮಾಡಿದೆ. ಮಾವ ನಮಗೆ ಬೆನ್ನು ಹಾಕಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಜೀಪಿಗೆ ಹೇಳುವವರಂತೆ ಗದರಿದರು: "ಹಿಂದೆ ನಿಂತಿರೋ ಅಜ್ಜಿಗೆ ಒಂದೂ ಕೇಳಿಸ್ತಿಲ್ಲ. ಜೋರಾಗಿ ಹೇಳೋಕೆ ಏನು ಕಷ್ಟ?"

ಕೂಗಿ ಕೂಗಿ ಗಂಟಲು ಕಟ್ಟಿದೆ, ಚೀಪಲು ಒಣಗಿಸಿದ ಕರ್ಬೂಜ ಕಳಿಸು. ನಾಳೆಯೂ ಕೂಗಬೇಕು. ಮಾವನಿಗೂ ಕೇಳಿಸಬೇಕಲ್ಲ.

ನಿನ್ನ ಓಗುಲ್ಜೆರೆನ್