ಬೆರಳು ಎತ್ತೋ ಹಾಗಿಲ್ಲ

ಪ್ರೋಗ್ರಾಮ್ ಬರೆಯೋ ಮಗಳಿಗೆ, ಎಡಗೈಲಿ ಗೀಚ್ತಿರೋ ಅಪ್ಪನ ಆಶೀರ್ವಾದ.

ಈ ವಾರ ಮೂರು ಸಲ ಫೋನ್ ಮಾಡಿ ನಿನ್ನನ್ನ ಏಮಾರಿಸಿದೀನಿ, ಅದಕ್ಕೇ ಇವತ್ತು ನೀನು ಎತ್ತುತಾ ಇಲ್ಲ. ತಪ್ಪು ನಂದೇ. ಆದ್ರೆ ಇದು ತಮಾಷೆ ಅಲ್ಲ ಕಣೇ. ನನ್ನ ಬಲಗೈ ಬೆರಳು ಅರ್ಧ ಗಂಟೆಯಿಂದ ಮೌಸ್ ಒತ್ತಿ ಹಿಡ್ಕೊಂಡೇ ಇದೆ.

ನೀನು ಮಾಡಿಕೊಟ್ಟ ಪ್ಲೇಯರ್ ಇದೆಯಲ್ಲ, ಫೈಲನ್ನ ಎಳೆದು ಅದರ ಕಿಟಕಿಯೊಳಗೆ ಬಿಟ್ರೆ ಹಾಡುತ್ತೆ ಅಂದಿದ್ದೆ. ನಿನ್ನೆ ಒಂದು ಹಾಡು ಬಿಟ್ಟೆ, ಚೆನ್ನಾಗೇ ಹಾಡ್ತು. ಮುಚ್ಚಿದ ಮೇಲೆ ನೋಡಿದ್ರೆ ಹಾಡು ಅಲ್ಲೂ ಇಲ್ಲ, ಇಲ್ಲೂ ಇಲ್ಲ! ನಕಲು ತಗೊಳ್ಳೋ ಬದಲು ಅಸಲನ್ನೇ ನುಂಗಿದೆ ನಿನ್ನ ಪ್ರೋಗ್ರಾಮು. ಇವತ್ತು ಅದನ್ನ ಮರೆತು ಇನ್ನೊಂದು ಫೈಲ್ ಎಳೆದೆ. ಕಿಟಕಿ ಮೇಲೆ ಬಂದಾಗ ನೆನಪಾಯ್ತು, ಅಷ್ಟರಲ್ಲಿ ಅದು ಪರದೆ ತುಂಬಾ ಹರಡ್ಕೊಂಡು ಆಚೆ ಬಿಡೋಕೆ ಜಾಗವೇ ಉಳಿದಿಲ್ಲ. ಜೀವನವೆಲ್ಲಾ ರೈಲು ಬಿಟ್ಟೋನಿಗೆ ಒಂದು ಫೈಲು ಬಿಡೋಕೆ ಧೈರ್ಯ ಇಲ್ಲ ನೋಡು.

ಅದು ನಿಮ್ಮಮ್ಮನ ದನಿ. ಗಂಟಲಿನ ಆಪರೇಷನ್‌ಗೆ ಮುಂಚೆ, ನನ್ನನ್ನ ಬೈತಿದ್ದಾಗ ಕದ್ದು ರೆಕಾರ್ಡ್ ಮಾಡಿದ್ದು. ಇರೋದು ಅದೊಂದೇ. ಅವಳಿಗೆ ಗೊತ್ತಿಲ್ಲ.

ಒಳಗೆ ಬಿಡದೆ ಬಿಡಿಸ್ಕೊಳ್ಳೋಕೆ ಯಾವುದಾದ್ರೂ ಕೀ ಇದ್ರೆ ಬರೆದು ಕಳಿಸು. ಇಲ್ಲಾಂದ್ರೆ ನೀನೇ ಆಫೀಸಿಂದ ಓಡಿ ಬಾ, ಇರೋದು ಹಿಂದಿನ ಬೀದೀಲಿ ತಾನೇ. ಪ್ರೋಗ್ರಾಮು ಆಮೇಲೆ ತಿದ್ದುವಂತೆ.

ಚೀಟಿ ತರೋದು ನಿಮ್ಮಮ್ಮಾನೇ. ಓದದೇ ಇರಲಿ ಅಂತ ಅವಳ ಕನ್ನಡಕ ನನ್ನ ಜೇಬಿಗೆ ಹಾಕ್ಕೊಂಡಿದೀನಿ. ಈಗ ಬಾಗಿಲಲ್ಲಿ ನಿಂತು ಕೈ ಬೀಸಿ ಬೀಸಿ ಬೈತಿದಾಳೆ. ಏನಂತಿದಾಳೋ, ತುಟಿ ನೋಡಿ ಅಂದಾಜು ಮಾಡ್ತಿದೀನಿ.

ಬೆರಳು ಜೋಮು ಹಿಡಿದಿರೋ,
ನಿನ್ನಪ್ಪ