ತಣ್ಣೀರಲ್ಲೇ ತೊಳೆಯಬೇಕಾದದ್ದು

ಹದಿನಾಲ್ಕನೇ ತಾರೀಕು, ಭಾನುವಾರ
ಲಾಂಡ್ರಿಯ ಮಾಳಿಗೆ ಕೋಣೆ

ಪ್ರೀತಿಯ ಪುಟ್ಟಕ್ಕನಿಗೆ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಅಂತ ಮೊದಲ ಸಾಲಿನಲ್ಲಿ ಬರೆಯುವುದು ಪದ್ಧತಿ. ಬರೆದಿದ್ದೇನೆ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ಅಂದುಕೊಂಡಿದ್ದೇನೆ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ತಪ್ಪು ನನ್ನದೇ. ಫೋನಿನಲ್ಲಿ ನೀನು ಹೇಳುವುದು ತಲೆಗೆ ಹತ್ತುವುದಿಲ್ಲ, ಕಾಗದದಲ್ಲಿ ಬರೆದು ಕಳಿಸು ಅಂದವನು ನಾನು. ನೀನು ಏಳು ಹಾಳೆ ತುಂಬಿಸುತ್ತೀಯ ಅಂತ ಕನಸು ಕಂಡಿದ್ದೆನೇ? ಒಗೆಯಲು ಬಂದ ಗಂಟಿನ ಮೇಲೆ ಕೂತು ಓದುತ್ತಿದ್ದೆ. ನಮ್ಮ ಇಸ್ತ್ರಿ ಅಕ್ಕ ಪೆಟ್ಟಿಗೆ ಪಕ್ಕಕ್ಕಿಟ್ಟು, "ಏನಣ್ಣ, ಈ ವಯಸ್ಸಲ್ಲಿ ಲವ್ ಲೆಟರಾ?" ಅಂದಳು. "ಮಗಳದ್ದು, ಪ್ರೋಟೀನಿನ ಬಗ್ಗೆ ಬರೆದಿದ್ದಾಳೆ" ಅಂದೆ. "ಏಳು ಹಾಳೆ ಯಾಕೆ, ಮೊಟ್ಟೆ ತಿನ್ನಪ್ಪ ಅಂದಿದ್ರೆ ಸಾಕಿತ್ತಲ್ಲ" ಅಂದಳು. ನಾನೂ ನಕ್ಕೆ.

ನಿನ್ನಪ್ಪ ಎರಡು ವರ್ಷ ಕಾಲೇಜಿನ ಬಾಗಿಲು ಕಂಡವನು ಅನ್ನುವುದನ್ನು ನೀನು ಮರೆತಿದ್ದೀಯ. ನನಗೆ ಇವತ್ತಿಗೂ ಬಾಯಿಪಾಠ ಬರುತ್ತದೆ: ಪ್ರೋಟೀನ್ಸ್ ಆರ್ ಕ್ಲಾಸಿಫೈಡ್ ಇಂಟು, ಮುಂದೆ ಒಂದು ಪದ ಇತ್ತು, ಹೋಗಲಿ, ಫೈಬ್ರಸ್ ಅಂಡ್ ಗ್ಲಾಬ್ಯುಲರ್. ಮೇಷ್ಟ್ರು ಬೋರ್ಡಿನ ನಡುವೆ ಗೆರೆ ಎಳೆದು ಎರಡು ಕಲಮ್ ಮಾಡಿದ್ದರು. ಎಡಗಡೆ ಕೂದಲು, ಉಗುರು, ಉಣ್ಣೆ, ರೇಷ್ಮೆ. ಎಲ್ಲ ನಾರು, ನೀರಲ್ಲಿ ಕರಗುವುದಿಲ್ಲ. ಬಲಗಡೆ ಉಂಡೆಯ ಹಾಗೆ ಸುತ್ತಿಕೊಂಡು ರಕ್ತದಲ್ಲಿ ತೇಲಿಕೊಂಡು ಹೋಗುವಂಥವು. ಪರೀಕ್ಷೆಗೆ ಅದೇ ಬಂತು, ಅದನ್ನೇ ಬರೆದೆ, ಅದೊಂದರಲ್ಲಿ ಪಾಸಾದೆ. ಆಮೇಲೆ ನಿಮ್ಮ ತಾತ ಸೊಂಟ ಹಿಡಿದುಕೊಂಡು ಮಲಗಿದರು. ನಾನು ಕಾಲೇಜು ಬಿಟ್ಟು ಇಲ್ಲಿಗೆ ಬಂದೆ. ಇಲ್ಲಿ ನೋಡಿದರೆ ಇಲ್ಲೂ ಕ್ಲಾಸಿಫಿಕೇಶನ್. ವಿಂಗಡಿಸುವ ಮೇಜಿನ ಮೇಲೆ ಎಣ್ಣೆಯ ಕಲೆ ಒಂದು ಕಡೆ, ತುಕ್ಕಿನದು ಒಂದು ಕಡೆ, ಚಹಾದ್ದು ಒಂದು ಕಡೆ. ರಕ್ತ, ಹಾಲು, ಮೊಟ್ಟೆ, ಬೆವರು ಬೇರೆಯದೇ ಗುಡ್ಡೆ. ಅದು ಪ್ರೋಟೀನ್ ಗುಡ್ಡೆ. ಅದಕ್ಕೆ ತಣ್ಣೀರು ಮಾತ್ರ. ಬಿಸಿನೀರು ತಾಗಿತೋ, ಕಲೆ ಬಟ್ಟೆಯ ನೂಲಿನೊಳಗೇ ಬೆಂದು ಕೂರುತ್ತದೆ, ಆಮೇಲೆ ತಿಪ್ಪರಲಾಗ ಹಾಕಿದರೂ ಬಿಡುವುದಿಲ್ಲ. ಆಸ್ಪತ್ರೆಯ ಗಂಟು ಬಂದಾಗಲೆಲ್ಲ ನಿಮ್ಮಮ್ಮ ಹೊಸಬರಿಗೆ ಇದನ್ನೇ ಹೇಳಿಕೊಡುತ್ತಿದ್ದಳು. ಈಗ ನಾನು ಹೇಳುತ್ತೇನೆ, ಅವಳಷ್ಟು ಜೋರು ನನಗೆ ಬರುವುದಿಲ್ಲ.

ಇರಲಿ, ನಿನ್ನ ಹಾಳೆಗಳಿಗೆ ಬರುತ್ತೇನೆ. ಮೊದಲ ಎರಡು ಸಲೀಸಾಗಿ ಹೋದವು. ಮಣಿ ಪೋಣಿಸಿದ ಸರ, ಸರ ಸುರುಳಿಯಾಗುವುದು, ಸುರುಳಿ ಮಡಚಿಕೊಂಡು ಒಂದು ಆಕಾರಕ್ಕೆ ಬರುವುದು, ಅಂಥ ನಾಲ್ಕು ಸೇರಿ ಒಂದು ಜೋಡಣೆಯಾಗುವುದು. ಪ್ರೈಮರಿ, ಸೆಕೆಂಡರಿ, ಟರ್ಷಿಯರಿ, ಕ್ವಾ... ನಾಲ್ಕನೆಯದರ ಹೆಸರು ಆವತ್ತೂ ನನ್ನ ನಾಲಿಗೆ ತಿರುಗುತ್ತಿರಲಿಲ್ಲ. ಅಮ್ಮನ ಕಾಯಿಲೆಗೆ ಕಾರಣವಾದದ್ದು ಪಿತ್ತಜನಕಾಂಗದಲ್ಲಿ ತಯಾರಾಗಿ ರಕ್ತದಲ್ಲಿ ವಿಟಮಿನ್ ಹೊತ್ತುಕೊಂಡು ತಿರುಗುವ ಬಡಪಾಯಿ ಪ್ರೋಟೀನ್ ಅಂತ ಬರೆದಿದ್ದೀಯ. ನಿಮ್ಮಮ್ಮನದರಲ್ಲಿ ಒಂದೇ ಒಂದು ಮಣಿ ಬೇರೆ. ವ್ಯಾಲಿನ್ ಇರಬೇಕಾದ ಕಡೆ ಮೆಥಿಯೊನಿನ್. ಅದರಿಂದ ನಾಲ್ಕರ ಜೋಡಣೆ ಸಡಿಲ. ಬಿಚ್ಚಿಕೊಂಡದ್ದು ಮತ್ತೆ ಸರಿಯಾಗಿ ಮಡಚಿಕೊಳ್ಳದೆ, ಒಂದಕ್ಕೊಂದು ಅಂಟಿ ಎಳೆಯಾಗಿ, ನರಗಳ ಸುತ್ತ ಹೋಗಿ ಕೂರುತ್ತದೆ. ಅಂದರೆ ಬಲಗಡೆ ಕಲಮಿನದು ಎಡಗಡೆಗೆ ಬಂದುಬಿಟ್ಟಿತು. ಹಾಗೂ ಆಗಬಹುದು ಅಂತ ಮೇಷ್ಟ್ರು ಹೇಳಿರಲಿಲ್ಲ. ಗೆರೆ ಎಳೆದು ಸುಮ್ಮನಾಗಿದ್ದರು.

ಮೂರನೇ ಹಾಳೆಯನ್ನು ಎಷ್ಟೋ ಸಲ ಓದಿದೆ. ಜೀನಿನಲ್ಲಿ ಒಂದು ಆದೇಶ, ಅದರ ನಕಲು, ನಕಲನ್ನು ಓದಿಕೊಂಡು ಮಣಿ ಪೋಣಿಸುವ ರೈಬೋಸೋಮು. ಆ ರೈಬೋಸೋಮಿನ ಮೇಲೆ ನನಗೆ ಅಯ್ಯೋ ಅನ್ನಿಸಿತು. ಆದೇಶದಲ್ಲೇ ತಪ್ಪಿದೆ, ಅದಕ್ಕೇನು ಗೊತ್ತು ಪಾಪ? ನಿಯತ್ತಾಗಿ ತಪ್ಪು ಮಣಿಯನ್ನೇ ಹುಡುಕಿ ತಂದು ಪೋಣಿಸುತ್ತದೆ. ನಿಮ್ಮಮ್ಮ ಮಲಗಿದ್ದಾಗಲೂ, ಡಾಕ್ಟರು ಬಂದು ಹೋದ ಮೇಲೂ, ಒಳಗೆ ಅದು ಕೆಲಸ ಮಾಡುತ್ತಲೇ ಇತ್ತು ಅಂತಾಯಿತು. ಯಾರನ್ನು ಬೈಯಲಿ ಹೇಳು. ಬೈಯಲು ಒಬ್ಬರಾದರೂ ಸಿಗಬೇಕಲ್ಲ.

ಅವಳಿಗೆ ಮೊದಲು ಹೋದದ್ದು ಕಾಲು. ನೀನು ಹಾಸ್ಟೆಲ್ಲಿನಲ್ಲಿದ್ದೆ, ಆ ಶುರುವಿನ ದಿನಗಳನ್ನು ನೋಡಿಲ್ಲ. ಒಂದು ಚಪ್ಪಲಿ ಕಳಚಿ ಬೀದಿಯಲ್ಲೇ ಉಳಿದಿರುತ್ತಿತ್ತು, ಇವಳು ಗೊತ್ತಿಲ್ಲದೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬರುತ್ತಿದ್ದಳು. ನಾನು ತಮಾಷೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಆಮೇಲೆ ಕಾಲಿಗೆ ಬಿಸಿ ತಣ್ಣಗಿನ ಭೇದ ತಿಳಿಯದಾಯಿತು. ವಯಸ್ಸು, ಸುಸ್ತು, ದಿನವಿಡೀ ನಿಂತು ಮಾಡುವ ಕೆಲಸ ಅಂತ ಒಬ್ಬೊಬ್ಬ ಡಾಕ್ಟರು ಒಂದೊಂದು ಹೇಳಿದರು. ಕಾಯಿಲೆಗೆ ಹೆಸರು ಸಿಗುವ ಹೊತ್ತಿಗೆ ಅವಳು ಎದ್ದು ನಿಲ್ಲುತ್ತಿರಲಿಲ್ಲ.

ಈಗ ಔಷಧಿ ಇದೆ, ಆ ನಾಲ್ಕರ ಜೋಡಣೆ ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ, ಹೋದದ್ದನ್ನು ತರುವುದಿಲ್ಲ, ಇರುವುದನ್ನು ಕಾಯುತ್ತದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು ಅಂತ ಬರೆದಿದ್ದೀಯ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಅಮ್ಮನ ಆ ತಪ್ಪು ನಿನಗೆ ಇಳಿದು ಬಂದಿಲ್ಲ ಅಂತ ಟೆಸ್ಟಿನಲ್ಲಿ ಗೊತ್ತಾಯಿತು. ತಮ್ಮನನ್ನು ಹೇಗಾದರೂ ಒಪ್ಪಿಸಿ ಟೆಸ್ಟಿಗೆ ಕಳಿಸು, ನಾನು ಹೇಳಿದರೆ ಫೋನ್ ಇಡುತ್ತಾನೆ, ನೀನೇ ಹೇಳು ಅಂದಿದ್ದೀಯ. ಹೇಳಿದೆ ಕಣಮ್ಮ.

ಆಸ್ಪತ್ರೆಯ ದೊಡ್ಡ ಹೊದಿಕೆ ಮಡಚಲು ಇಬ್ಬರು ಬೇಕು, ನಿನಗೆ ಗೊತ್ತಲ್ಲ. ಎದುರುಬದುರು ನಿಂತು ಎಳೆದು, ಒದರಿ, ಹತ್ತಿರ ಬಂದು ಅಂಚು ಸೇರಿಸಬೇಕು. ನಡುವೆ ಬಿಟ್ಟು ಹೋಗಲು ಆಗುವುದಿಲ್ಲ. ನಿನ್ನ ತಮ್ಮ ಇನ್ನೊಂದು ತುದಿ ಹಿಡಿದಿದ್ದ, ಆ ಹೊತ್ತೇ ಸರಿ ಅಂದುಕೊಂಡು ಬಾಯಿ ತೆಗೆದೆ.

"ಅಕ್ಕ ಬರೆದಿದ್ದಾಳೆ ಕಣೋ."

"ಏನಂತೆ?"

"ಅದೇ, ಟೆಸ್ಟು."

"ಅಂಚು ನೆಟ್ಟಗೆ ಹಿಡ್ಕೊಳಪ್ಪ, ಸೊಟ್ಟ ಬರ್ತಿದೆ."

"ಒಂದು ಚೂರು ರಕ್ತ ಕೊಟ್ರೆ ಆಯ್ತಂತೆ ಮಗಾ."

"ದಿನಾ ಊರವರ ರಕ್ತ ಒಗೀತೀನಲ್ಲ, ನಂದೂ ಯಾಕೆ ಈಚೆ ತೆಗೀಬೇಕು?"

ಎರಡು ಹೊದಿಕೆ ಮಡಚಿದೆವು. ಮೂರನೆಯದನ್ನು ಒದರುವಾಗ ಅವನೇ ಶುರು ಮಾಡಿದ. "ಅರ್ಧಕ್ಕರ್ಧ ಅಂದ್ರಲ್ಲ ಡಾಕ್ಟ್ರು. ಇರೋದು ನಾವಿಬ್ರು. ಅಕ್ಕನಿಗೆ ಇಲ್ಲ ಅಂತ ಬಂತು. ಉಳಿದ ಅರ್ಧ ಯಾರ್ದಪ್ಪ? ಇದಕ್ಕೊಂದು ಟೆಸ್ಟ್ ಬೇರೆ ಬೇಕಾ?"

ನಿಜ ಹೇಳುತ್ತೇನೆ, ನಾನೂ ಹಾಗೇ ಅಂದುಕೊಂಡಿದ್ದೆ. ಆವತ್ತು ನೀನು ಫೋನಿನಲ್ಲಿ "ನನಗಿಲ್ಲ ಅಪ್ಪ" ಅಂದಾಗ ನಾನು ತಟ್ಟನೆ ಫೋನ್ ಇಟ್ಟೆ. ನೀನು ಸಂತೋಷಕ್ಕೆ ಅಂದುಕೊಂಡೆ. ಬರೀ ಸಂತೋಷ ಅಲ್ಲಮ್ಮ ಅದು. ನಿನಗೆ ಇಲ್ಲ ಅನ್ನುವುದೂ ಅವನಿಗೆ ಇದೆ ಅನ್ನುವುದೂ ನನ್ನ ಕಿವಿಗೆ ಒಟ್ಟಿಗೇ ಬಿದ್ದವು. ಹಾಗಲ್ಲ, ಒಬ್ಬೊಬ್ಬರದೂ ಬೇರೆ ಬೇರೆ, ಒಂದು ಸಲ ಚಿಮ್ಮಿದ ನಾಣ್ಯಕ್ಕೂ ಇನ್ನೊಂದು ಸಲಕ್ಕೂ ಸಂಬಂಧವೇ ಇಲ್ಲ ಅಂತ ಐದನೇ ಹಾಳೆಯಲ್ಲಿ ನೀನು ಬರೆದದ್ದನ್ನು ಓದಿದ ಮೇಲೆ ಸ್ವಲ್ಪ ಉಸಿರು ಬಂತು. ಅದನ್ನೇ ಅವನಿಗೆ ತೋರಿಸೋಣ ಅಂತ ಹೊದಿಕೆ ಹೆಗಲಿಗೆ ಹಾಕಿಕೊಂಡು ಜೇಬಿನಿಂದ ನಾಣ್ಯ ತೆಗೆದೆ. ಎರಡು ಸಲ ಚಿಮ್ಮಿದೆ. ನನ್ನ ಪುಣ್ಯಕ್ಕೆ ಎರಡು ಸಲವೂ ಒಂದೇ ಮುಖ ಬಿತ್ತು. "ನೋಡು, ಇಬ್ಬರಿಗೂ ಇಲ್ಲ ಅಂತಲೂ ಆಗಬಹುದು" ಅಂದೆ. ಅವನು, "ಇನ್ನೊಂದು ಸಲ ಹಾಕು" ಅಂದ. ನನಗೆ ಕೈ ಬರಲಿಲ್ಲ. ನಾಣ್ಯ ಜೇಬಿಗೆ ಹಾಕಿಕೊಂಡೆ. ನಿನ್ನ ಐದನೇ ಹಾಳೆಯ ಮರ್ಯಾದೆ ಅಲ್ಲೇ ಹೋಯಿತು.

ಸೊಸೆಗೆ ಈಗ ಏಳು ತಿಂಗಳು. ಅತ್ತೆ ನರದೌರ್ಬಲ್ಯದಿಂದ ಹೋದರು ಅಂತಷ್ಟೇ ಅವಳಿಗೆ ಗೊತ್ತು. ಮೇಲೆ ಕೂತು ಹಳೆಯ ಮೆತ್ತನೆ ಬಟ್ಟೆಗಳನ್ನೆಲ್ಲ ಹುಡುಕಿ ತೆಗೆದು ಚಿಕ್ಕ ಚಿಕ್ಕದಾಗಿ ಕತ್ತರಿಸಿ ಇಡುತ್ತಿದ್ದಾಳೆ. ನಿನ್ನ ತಮ್ಮ ಮಾಳಿಗೆ ಕಡೆ ನೋಡಿ ದನಿ ತಗ್ಗಿಸಿ ಹೇಳಿದ, "ಹೆರಿಗೆ ಆಗ್ಲಿ ಬಿಡಪ್ಪ. ಈಗ ಹೋಗಿ ಅವಳಿಗೆ ಏನಂತ ಹೇಳ್ಲಿ? ಹೊಟ್ಟೇಲಿರೋದಕ್ಕೂ ಇದರಲ್ಲಿ ಪಾಲಿದೆ ಅಂತಾನಾ?"

ಅದಕ್ಕೆ ಉತ್ತರ ನಿನ್ನ ಏಳು ಹಾಳೆಯಲ್ಲಿ ಎಲ್ಲೂ ಇರಲಿಲ್ಲ, ಪುಟ್ಟಕ್ಕ. ಮತ್ತೆ ಹುಡುಕಿದೆ. ನಿನ್ನನ್ನು ಆಡಿಕೊಳ್ಳುತ್ತಿಲ್ಲ. ನಿನಗೂ ಗೊತ್ತಿದ್ದರೆ ಬರೆಯುತ್ತಿದ್ದೆ. ಅಪ್ಪ ಅನ್ನಿಸಿಕೊಂಡವನು ಮಕ್ಕಳಿಗೆ ಆಸ್ತಿ ಮಾಡದಿದ್ದರೂ ಒಂದು ಮಾತು ಗಟ್ಟಿಯಾಗಿ ಹೇಳುವಷ್ಟು ತಾಕತ್ತಾದರೂ ಇರಬೇಕು. ನಾನು, "ಆಯ್ತು, ನಿಧಾನಕ್ಕೆ ನೋಡೋಣ" ಅಂದೆ. ನಿಧಾನ ಮಾಡಬಾರದು ಅಂತ ನೀನು ಎರಡು ಗೆರೆ ಎಳೆದದ್ದು ಮೇಲಿನ ಜೇಬಿನಲ್ಲೇ ಇತ್ತು.

ಬೇರೆ ಸಮಾಚಾರ ಅಂದರೆ ದೊಡ್ಡ ಮೆಶಿನ್ನಿನ ಬೆಲ್ಟ್ ಹರಿದಿತ್ತು, ಹೊಸದು ಹಾಕಿಸಿದ್ದೇವೆ. ನನ್ನ ಕನ್ನಡಕದ ಕಾಲಿಗೆ ನಿನ್ನ ತಮ್ಮ ತಂತಿ ಸುತ್ತಿ ಕೊಟ್ಟಿದ್ದಾನೆ, ಕಿವಿಗೆ ಚುಚ್ಚುತ್ತದೆ, ಆದರೆ ಬೀಳುವುದಿಲ್ಲ. ಸೊಸೆ ನಿನ್ನನ್ನು ಕೇಳಿದಳು. ಹೆರಿಗೆ ಹೊತ್ತಿಗೆ ಅತ್ತಿಗೆ ಬರಲೇಬೇಕು ಅಂದಿದ್ದಾಳೆ. ರಜ ಸಿಗುತ್ತದೆಯೇ ಬರೆ. ಲ್ಯಾಬಿನಲ್ಲಿ ಜಾಸ್ತಿ ಹೊತ್ತು ನಿಂತುಕೊಂಡಿರಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನಗೆ ಇಲ್ಲದ್ದು ನಿನ್ನ ತಪ್ಪಲ್ಲ, ಅದಕ್ಕಾಗಿ ಕೊರಗಬೇಡ. ನನ್ನ ಆಯುಸ್ಸಿನಲ್ಲಿ ಉಳಿದದ್ದು ನಿಮ್ಮಿಬ್ಬರಿಗೂ ಸಮನಾಗಿ ಸೇರಲಿ.

ಇಂತಿ
ನಿನ್ನ ಅಪ್ಪ

ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದಿದ್ದೇನೆ. ಟೆಸ್ಟು ನಾನೇ ಮಾಡಿಬಿಟ್ಟೆ ಕಣಮ್ಮ. ಮೊನ್ನೆ ಗುರುವಾರ ಬೆಳಿಗ್ಗೆ. ಒಗೆಯುವ ಕೋಣೆಯಲ್ಲಿ ಎಲ್ಲರೂ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬರಿಗಾಲಲ್ಲಿರುತ್ತಾರಲ್ಲ. ತೊಟ್ಟಿಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊದಲು ನನ್ನ ಕಾಲಿಗೇ ಸುರಿದುಕೊಂಡು ನೋಡಿದೆ. ಬೊಬ್ಬೆ ಬರಬಾರದು, ಆದರೆ ಕಾಲು ತಾನಾಗಿ ಎದ್ದುಬಿಡಬೇಕು, ಅಷ್ಟು ಹದ ಮಾಡಿಕೊಂಡೆ. ಆಮೇಲೆ ವಾಲ್ವ್ ತಿರುಗಿಸಿದೆ. ನೀರು ನೆಲದ ಮೇಲೆ ಹರಡಿತು. ಇಸ್ತ್ರಿ ಅಕ್ಕ ಬೈದುಕೊಂಡು ಗಂಟಿನ ಮೇಲೆ ಹತ್ತಿದಳು. ಮೆಶಿನ್ ನೋಡುವವನು ಒಂಟಿಕಾಲಲ್ಲಿ ಕುಣಿದ. ನಿನ್ನ ತಮ್ಮ ನನಗೆ ಬೆನ್ನು ಹಾಕಿ ಸೋಪಿನಪುಡಿ ಅಳೆಯುತ್ತಿದ್ದ. ನೀರು ಅವನ ಎರಡು ಪಾದಗಳನ್ನೂ ದಾಟಿಕೊಂಡು ಮೋರಿಗೆ ಹೋಯಿತು. ಅವನು ಅಳೆಯುತ್ತಲೇ ಇದ್ದ. "ಏ, ಕಾಲು ತೆಗಿಯೋ, ಬಿಸಿನೀರು" ಅಂತ ಇಸ್ತ್ರಿ ಅಕ್ಕ ಕೂಗಿದಳು. ಅವನು ಕೆಳಗೆ ನೋಡಿದ. ಹಬೆ ಏಳುತ್ತಿತ್ತು. ತಿರುಗಿ ನನ್ನ ಕಡೆ ನೋಡಿದ, ನನ್ನ ಕೈ ಇನ್ನೂ ವಾಲ್ವಿನ ಮೇಲಿತ್ತು. ಆಮೇಲೆ ಹಾರಿದ. "ಅಬ್ಬಾ, ಸುಟ್ಟೇ ಹೋಯ್ತು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮೊದಲು ನೋಡಿದ, ಪುಟ್ಟಕ್ಕ, ಆಮೇಲೆ ಹಾರಿದ.