ಎರಡು ಹಿಡಿ ಕಡಲೆಬೀಜ

ಗಾಣದ ಮನೆ
ಹದಿನೇಳನೇ ತಾರೀಖು, ಮಂಗಳವಾರ

ನನ್ನ ಮೊಂಡಿಗೆ,

ನೀನು ಫೋನ್ ಎತ್ತಿದ್ದರೆ ನನಗೆ ಈ ಕರ್ಮ ಇರಲಿಲ್ಲ. ಐದನೇ ಕ್ಲಾಸಿಗೇ ಸ್ಲೇಟು ಎಸೆದು ಬಂದವಳನ್ನು ಅರವತ್ತನಾಲ್ಕನೇ ವಯಸ್ಸಿನಲ್ಲಿ ಕಾಗದ ಬರೆಯಲು ಕೂರಿಸಿದ್ದೀಯ. ಬೆಳಗ್ಗೆಯಿಂದ ಮೂರು ಹಾಳೆ ಹರಿದೆ. ಗಾಣ ನಿಂತು ನಲವತ್ತು ದಿನವಾದರೂ ಬೆರಳಿನ ಎಣ್ಣೆ ಹೋಗಿಲ್ಲ, ಮುಟ್ಟಿದ ಕಡೆಯೆಲ್ಲ ಶಾಯಿ ಹಿಡಿಯುವುದಿಲ್ಲ. ಕಾಗುಣಿತ ತಪ್ಪಿದ್ದರೆ ನಗಬೇಡ. ನಗುವುದೇ ಆದರೆ ಫೋನ್ ಮಾಡಿ ನಗು.

ನಿನ್ನೆ ನಿಮ್ಮ ಕಂಪನಿಯ ಲಾಯರ್ ಬಂದಿದ್ದ. ಕುರ್ಚಿ ತೋರಿಸಿದರೂ ಎಳ್ಳಿನ ಮೂಟೆಯ ಮೇಲೆ ಕೂತ, ಪುಣ್ಯಾತ್ಮ. ನೀನು ಬರೆದುಕೊಟ್ಟ ಹೇಳಿಕೆಯನ್ನು ಓದಿದ. ಗಾಣದಲ್ಲಿ ಕಡಲೆಬೀಜ ಹಾಕುತ್ತಾರೆಯೇ ಎಂದು ನಾನು ನನ್ನ ತಾಯಿಯನ್ನು ಕೇಳಲೇ ಇಲ್ಲ, ತಪ್ಪು ಪೂರ್ತಿ ನನ್ನದು ಎಂದು ಬರೆದಿದ್ದೀಯ. ಇದು ಸರಿಯೇನಮ್ಮ ಎಂದು ಕೇಳಿದ. ಹೂಂ ಅಂದೆ. ಮೂವತ್ತಕ್ಕೆ ವಿಚಾರಣೆಯಂತೆ, ಅಲ್ಲಿ ನೀನು ಅದಕ್ಕೆ ಸಹಿ ಹಾಕಿದರೆ ಕಂಪನಿಗೂ ನನಗೂ ಏನೂ ತೊಂದರೆ ಇಲ್ಲವಂತೆ. ಹಾಗಾದರೆ ನನ್ನ ಮಗಳಿಗೆ ಏನಾಗುತ್ತೆ ಅಂದೆ. ಅವನು ಕಾಗದ ಮಡಚಿ ಕನ್ನಡಕ ಒರೆಸಿಕೊಂಡ.

ನೀನು ನಿನ್ನ ಕಡೆಯಿಂದ ಬರೆದೆ. ಈಗ ನನ್ನ ಕಡೆಯಿಂದ ಕೇಳು.

ಅವರ ದೇಶದಲ್ಲಿ ಮುನ್ನೂರು ಅಂಗಡಿ ಇರುವ ಕಂಪನಿ ಸಮುದ್ರ ದಾಟಿ ಇಲ್ಲಿ ಮೊದಲನೇ ಅಂಗಡಿ ತೆರೆಯುತ್ತದೆ, ಅದರ ಸಾಮಾನು ಆರಿಸುವವಳು ನಾನೇ ಎಂದು ನೀನು ಹೇಳಿದಾಗ ನಾನು ಬೈದಿದ್ದೆ. ಸಹಜ ಆಹಾರ ಅಂತ ಬೇರೆ ಅಂಗಡಿ ಬೇಕಾ, ಇಷ್ಟು ದಿನ ನಾವು ತಿಂದದ್ದು ಸಿಮೆಂಟಾ ಅಂತ. ಬಾಯಿಗೆ ಬಂದಿದ್ದು ಅಂದೆ, ಅಷ್ಟೆ. ಹೊಟ್ಟೆಯಲ್ಲಿ ಹಿಗ್ಗೇ ಇತ್ತು. ಆಮೇಲೆ ನೀನು ಆ ದೇಶದ ದೊಡ್ಡ ಮೇಡಂ ಅನ್ನು ಇಲ್ಲಿಗೇ ಕರೆದುಕೊಂಡು ಬಂದೆ. ಅವಳು ಎಣ್ಣೆಯಲ್ಲಿ ಬೆರಳದ್ದಿ ನಾಲಿಗೆಗಿಟ್ಟು ಕಣ್ಣು ಮುಚ್ಚಿ ನಿಂತಳು. ಇವಳಿಗೇನು ಬಡಿಯಿತು ಎಂದು ನಾನು ಗಾಬರಿಯಾದರೆ, ನೀನು ಅವಳ ಹೆಗಲ ಮೇಲಿಂದ ನನ್ನನ್ನು ನೋಡಿ ನಕ್ಕೆ. ಅಂಥ ನಗು ನಿನ್ನ ಮದುವೆಯ ದಿನವೂ ಇರಲಿಲ್ಲ. ಇದು ನಮ್ಮಮ್ಮನ ಗಾಣ ಎಂದು ಅವಳಿಗೆ ಮೂರು ಸಲ ಹೇಳಿದೆ. ಗಾಣದವಳ ಮಗಳು ಅನ್ನಿಸಿಕೊಳ್ಳಲು ಹತ್ತು ವರ್ಷ ನಾಚಿಕೊಂಡವಳು ನೀನು.

ಈ ಗಾಣಕ್ಕೆ ಎಳ್ಳಲ್ಲದೆ ಬೇರೇನೂ ಬೀಳುವುದಿಲ್ಲ ಎಂಬ ಕಾಗದಕ್ಕೆ ನಾನು ಸಹಿ ಹಾಕಿದೆ. ಸುಳ್ಳು ಅನ್ನಿಸಲಿಲ್ಲ. ದಿನಾ ಸಂಜೆ ಗಾಣ ನಿಲ್ಲಿಸುವ ಮುಂಚೆ ಒರಳಿಗೆ ಎರಡು ಹಿಡಿ ಕಡಲೆಬೀಜ ಹಾಕಿ ತಿರುಗಿಸುವುದು ನನ್ನ ಅತ್ತೆ ಕಲಿಸಿದ್ದು. ಇಲ್ಲದಿದ್ದರೆ ಅಡಿಯಲ್ಲಿ ಉಳಿದ ಎಳ್ಳಿನ ಹಿಂಡಿ ಬೆಳಗಾಗುವಷ್ಟರಲ್ಲಿ ಕಲ್ಲು. ಮೂವತ್ತೆಂಟು ವರ್ಷದಿಂದ ಮಾಡಿದ್ದೇನೆ. ನನ್ನ ಲೆಕ್ಕಕ್ಕೆ ಅದು ಕಸ ಗುಡಿಸಿದ ಹಾಗೆ. ಪೊರಕೆಯನ್ನು ಯಾರಾದರೂ ಅಡುಗೆ ಸಾಮಾನಿನ ಪಟ್ಟಿಯಲ್ಲಿ ಬರೆಯುತ್ತಾರಾ? ನಿನಗೆ ಇದು ಗೊತ್ತಿರಲು ದಾರಿಯೇ ಇಲ್ಲ. ಸಂಜೆ ಹೊತ್ತು ನಿನ್ನನ್ನು ಗಾಣದ ಮನೆಗೆ ಬಿಟ್ಟಿದ್ದರೆ ತಾನೆ? ನೀನು ಓದಬೇಕು, ನಿನ್ನ ಪುಸ್ತಕಕ್ಕೆ ಎಣ್ಣೆ ಜಿಡ್ಡು ತಾಗಬಾರದು ಎಂದು ನಾನೇ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಅಂಗಡಿ ತೆರೆದ ದಿನ ಒಳಗೆ ಹೋಗುತ್ತಲೇ ನನ್ನ ಫೋಟೋ, ಬಾಗಿಲಿಗಿಂತ ಎತ್ತರ. ಒಂದೊಂದು ಸುಕ್ಕೂ ಗೇಣುದ್ದ. ನೀನು ಬ್ರೆಡ್ಡಿನ ಚೂರುಗಳನ್ನು ನನ್ನ ಎಣ್ಣೆಯಲ್ಲಿ ಅದ್ದಿ ಬಂದವರಿಗೆಲ್ಲ ಕೊಡುತ್ತಿದ್ದೆ. ನಿನ್ನ ಕೈಯಿಂದ ಒಂದು ಚೂರು ತಿಂದ ಆ ಹುಡುಗಿಗೆ ಏಳು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಇದರಲ್ಲಿ ಕಡಲೆಬೀಜ ಇದೆಯಾ, ಇವಳಿಗೆ ಆಗಿಬರಲ್ಲ ಎಂದು ಅವಳ ಅಪ್ಪ ಕೇಳಿದನಂತೆ. ಇಲ್ಲ ಸಾರ್, ನಮ್ಮಮ್ಮನ ಗಾಣ, ನನಗೆ ಗೊತ್ತಿಲ್ವಾ ಎಂದೆಯಂತೆ ನೀನು. ನಾನು ಆಚೆ ತುದಿಯಲ್ಲಿ ನನ್ನ ಫೋಟೋವನ್ನೇ ನೋಡುತ್ತ ನಿಂತಿದ್ದೆ. ನನಗೆ ಕೇಳಿಸಲಿಲ್ಲ. ಇದು ಸುಳ್ಳಲ್ಲ.

ಮೂರನೇ ದಿನ ಆಸ್ಪತ್ರೆಯಲ್ಲಿ ಮಗು ಹೋಯಿತು.

ಹೋದ ವಾರ ಅವರ ಮನೆಗೆ ಹೋಗಿದ್ದೆ, ನಿನಗೆ ಗೊತ್ತಿಲ್ಲ. ಗೇಟಿನ ಹತ್ತಿರ ನಿಂತಿದ್ದಾಗ ಅವಳ ಅಪ್ಪ ಕಸದ ಚೀಲ ಹಿಡಿದುಕೊಂಡು ಹೊರಗೆ ಬಂದ. ಯಾರು ಬೇಕಿತ್ತಮ್ಮ ಅಂದ. ಮನೆ ತಪ್ಪಿ ಬಂದೆ ಅಂದೆ. ಯಾವ ಮನೆ ಹೇಳಿ, ತೋರಿಸ್ತೀನಿ ಎಂದು ಚೀಲ ಕೆಳಗಿಟ್ಟ. ಅವನು ಹಾಗೆ ಕೇಳಬಾರದಿತ್ತು. ತಿರುಗಿ ನೋಡದೆ ಬಂದುಬಿಟ್ಟೆ.

ಆಸ್ಪತ್ರೆಯ ಪಡಸಾಲೆಯಲ್ಲಿ ನೀನು ನನ್ನನ್ನು ಒಂದು ಸಲ ನೋಡಿದೆ, ಅಷ್ಟೆ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ನಮಗೇನು ಹೊಸದಾ? ಈಗ ಫೋನ್ ಮಾಡಿದರೆ ಅಳಿಯ ಎತ್ತಿ ಮಲಗಿದ್ದಾಳೆ ಅತ್ತೆ ಅನ್ನುತ್ತಾನೆ. ಬೆಳಗ್ಗೆ ಹತ್ತಕ್ಕೂ ಮಲಗಿದ್ದಾಳೆ, ಸಂಜೆ ಐದಕ್ಕೂ ಮಲಗಿದ್ದಾಳೆ. ನಾನು ಹೆತ್ತದ್ದು ಮಗಳನ್ನೋ ದಿಂಬನ್ನೋ?

ಆ ಹೇಳಿಕೆಗೆ ಸಹಿ ಹಾಕಬೇಡ. ಗಾಣ ನನ್ನದು, ಕೈ ನನ್ನದು. ಊಟ ಮಾಡು. ಅಳಿಯನ ಮೇಲೆ ಕೂಗಾಡಬೇಡ, ಅವನು ಪಾಪದವನು.

ನಿನ್ನನ್ನು ಹೆತ್ತವಳು,
ಅಮ್ಮ

ಬರೆಯದೆ ಬಿಟ್ಟದ್ದು: ಅಂಟಿಸಿದ ಲಕೋಟೆಯನ್ನು ಮತ್ತೆ ಕಿತ್ತಿದ್ದೇನೆ. ನೀನು ಕೇಳಿದ್ದೆ. ಆ ಮೇಡಂ ಕಾರಿನ ಹತ್ತಿರ ಹೋದಮೇಲೆ ನೀನೊಬ್ಬಳೇ ಹಿಂದಕ್ಕೆ ಬಂದು, ಅಮ್ಮ, ಕಡಲೆಬೀಜ ಒಂದು ಕಾಳೂ ಇದಕ್ಕೆ ಬೀಳಲ್ಲ ತಾನೆ, ಕೆಲವರ ಪ್ರಾಣಕ್ಕೇ ಬರುತ್ತೆ ಅಂದೆ. ಕಡಲೆಬೀಜದ ಡಬ್ಬಿ ನನ್ನ ಬೆನ್ನ ಹಿಂದೆಯೇ ಇತ್ತು. ಬೀಳುತ್ತೆ ಅಂದಿದ್ದರೆ ನೀನು ಹೋಗಿ ಅವಳಿಗೆ ಹೇಳುತ್ತಿದ್ದೆ, ಕಾರು ಹೊರಟುಹೋಗುತ್ತಿತ್ತು, ನಿನ್ನ ಮುಖದ ಮೇಲಿದ್ದ ಆ ನಗೂ ಹೋಗುತ್ತಿತ್ತು. ನನಗೇ ಗಾಣ ಕಲಿಸ್ತೀಯೇನೇ, ನಡಿ ಆಚೆ ಅಂದೆ. ನೀನು ನಂಬಿಕೊಂಡು ಹೋದೆ. ಎರಡು ಸಂಜೆ ಬೀಜ ಹಾಕಲಿಲ್ಲ, ನಿನ್ನಾಣೆ. ಒರಳು ಕಟ್ಟಿಕೊಂಡಿತು. ಮೂರನೇ ಸಂಜೆ ಹಾಕಿದೆ. ಕೇಳಲೇ ಇಲ್ಲ ಎಂದು ನೀನು ಯಾಕೆ ಬರೆದೆ ಅಂತ ನನಗೆ ಗೊತ್ತು. ನಿನ್ನೆ ಅದಕ್ಕೆ ಹೂಂ ಅಂದವಳೂ ನಾನೇ. ಮೂವತ್ತಕ್ಕೆ ಅವರೆಲ್ಲರ ಮುಂದೆ, ಆ ಮಗುವಿನ ಅಪ್ಪನ ಮುಂದೆ, ಇದನ್ನು ಹೇಳುತ್ತೇನೆ. ನೀನು ಬಂದು ಕರೆದುಕೊಂಡು ಹೋಗುತ್ತೀಯೋ, ನಾನೇ ಬಸ್ಸು ಹತ್ತಲೋ? ಇಪ್ಪತ್ತಾರು, ಗುರುವಾರದೊಳಗೆ ನನಗೆ ಉತ್ತರ ಬರಬೇಕು.